ಮಳೆಗಾಲದ ಗಿಡಕ್ಕೆ ನೇರಳೆ ದೀಪ ಬೇಕಿಲ್ಲ

ನಮ್ಮ ಕರಾವಳಿಯಲ್ಲಿ ವರ್ಷದ ಅತಿ ಉದ್ದದ ಹಗಲು ಬರುವುದು ಜೂನ್‌ನಲ್ಲಿ. ಹದಿಮೂರು ಗಂಟೆಗೆ ಕೆಲವೇ ನಿಮಿಷ ಕಡಿಮೆ. ಮನೆಯೊಳಗಿನ ಗಿಡ ಸೊರಗಲು ಶುರುವಾಗುವುದೂ ಅದೇ ತಿಂಗಳಲ್ಲಿ. ಹಗಲು ಉದ್ದ ಇದ್ದರೂ ಮೋಡ ಬಿಡಬೇಕಲ್ಲ! ಆಟಿ (ಜುಲೈ–ಆಗಸ್ಟ್ ನಡುವಿನ ತುಳು ತಿಂಗಳು) ಮುಗಿಯುವ ಹೊತ್ತಿಗೆ ಬಾಲ್ಕನಿಯ ಕೊತ್ತಂಬರಿ ಸಪೂರ ಆಗಿ, ಉದ್ದಕ್ಕೆ ಎಳೆದುಕೊಂಡು, ಬಗ್ಗಿ ಬಿದ್ದಿರುತ್ತದೆ. ಪುದಿನದ ಗೆಣ್ಣುಗಳ ನಡುವಿನ ಅಂತರ ಜಾಸ್ತಿಯಾಗಿರುತ್ತದೆ. ಆಗ ಮನೆಯವರು ಆನ್‌ಲೈನ್‌ನಲ್ಲಿ ಹುಡುಕಿ ಒಂದು ನೇರಳೆ ಬಣ್ಣದ ಗ್ರೋ ಲೈಟ್ ತರಿಸುತ್ತಾರೆ. ಕದ್ರಿಯಿಂದ ಮಣಿಪಾಲದವರೆಗೆ ಫ್ಲ್ಯಾಟುಗಳ ಕಿಟಕಿಯಲ್ಲಿ ಆ ಬಣ್ಣ ಈಗ ಹೊಸದಲ್ಲ. ಗಿಡಕ್ಕೆ ನೇರಳೆ ಬೆಳಕೇ ಬೇಕು, ಬಿಳಿ ಬಲ್ಬ್ ಪ್ರಯೋಜನಕ್ಕಿಲ್ಲ ಎಂಬ ನಂಬಿಕೆ ಗಟ್ಟಿಯಾಗಿ ಕೂತುಬಿಟ್ಟಿದೆ.

ಇದು ತಪ್ಪು. ಮನೆಯ ಸಾಮಾನ್ಯ ಬಿಳಿ ಎಲ್‌ಇಡಿ ಬೆಳಕಿನಲ್ಲೇ ಹರಿವೆ, ಕೊತ್ತಂಬರಿ, ಪುದಿನ ಚೆನ್ನಾಗಿ ಬೆಳೆಯುತ್ತವೆ. ಕೊರತೆ ಇರುವುದು ಬಣ್ಣದಲ್ಲಲ್ಲ, ಪ್ರಮಾಣದಲ್ಲಿ. ಆ ಪ್ರಮಾಣವನ್ನು ಅಳೆಯಲು ನಮ್ಮ ಕಣ್ಣನ್ನು ನಂಬುವುದೇ ಎಲ್ಲ ಎಡವಟ್ಟಿನ ಮೂಲ.

ಬಲ್ಬಿನ ಡಬ್ಬಿಯ ಮೇಲೆ ಲ್ಯೂಮೆನ್ ಎಂದು ಬರೆದಿರುತ್ತದೆ. ಅದು ಮನುಷ್ಯನ ಕಣ್ಣಿಗೆ ಆ ಬೆಳಕು ಎಷ್ಟು ಎಂಬ ಲೆಕ್ಕ. ನಮ್ಮ ಕಣ್ಣಿಗೆ ಹಸಿರು ಜಾಸ್ತಿ ಕಾಣುತ್ತದೆ, ಕಡು ಕೆಂಪು ಮತ್ತು ನೀಲಿ ಕಡಿಮೆ. ಎಲೆಯ ಲೆಕ್ಕವೇ ಬೇರೆ. ಅದು ಬೆಳಕಿನ ಕಣಗಳನ್ನು, ಅಂದರೆ ಫೋಟಾನ್‌ಗಳನ್ನು, ಒಂದೊಂದಾಗಿ ಎಣಿಸುತ್ತದೆ. ಶಂಕರಪುರದ ಮಲ್ಲಿಗೆ ಮಾರುವುದನ್ನು ನೋಡಿದ್ದೀರಲ್ಲ? 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಪರಿಮಳ ಎಷ್ಟು ಬಂತು ಎಂದು ಯಾರೂ ದರ ಕಟ್ಟುವುದಿಲ್ಲ. ಎಲೆಯ ಮಟ್ಟಿಗೆ ಲ್ಯೂಮೆನ್ ಪರಿಮಳ, ಫೋಟಾನ್ ಹೂವು.

ಎಣಿಕೆಯೇ ಯಾಕೆ ಮುಖ್ಯ? ಒಂದು ನೀಲಿ ಫೋಟಾನಿನಲ್ಲಿ ಕೆಂಪು ಫೋಟಾನಿಗಿಂತ ಸುಮಾರು ಒಂದೂವರೆ ಪಟ್ಟು ಶಕ್ತಿ ಇರುತ್ತದೆ. ಹಾಗಾದರೆ ಅದು ಒಂದೂವರೆ ಪಟ್ಟು ಕೆಲಸ ಮಾಡಬೇಕಲ್ವಾ? ಮಾಡುವುದಿಲ್ಲ. ನೀಲಿ ಫೋಟಾನ್ ಬಡಿದಾಗ ಕ್ಲೋರೊಫಿಲ್ (ಪತ್ರಹರಿತ್ತು) ಅಣುವಿನ ಎಲೆಕ್ಟ್ರಾನ್ ಬಹಳ ಮೇಲಿನ ಮಟ್ಟಕ್ಕೆ ಏರುತ್ತದೆ. ಆದರೆ ಅಲ್ಲಿ ನಿಲ್ಲುವುದಿಲ್ಲ. ಕಣ್ಣು ಮಿಟುಕಿಸುವುದಕ್ಕಿಂತ ಕೋಟ್ಯಂತರ ಪಟ್ಟು ಬೇಗ ಕೆಳಗಿಳಿದು, ಕೆಂಪು ಫೋಟಾನ್ ಏರಿಸುವ ಮಟ್ಟಕ್ಕೇ ಬಂದು ನಿಲ್ಲುತ್ತದೆ. ಮಧ್ಯದ ಶಕ್ತಿ ಸುಮ್ನೆ ಶಾಖವಾಗಿ ಹೋಗುತ್ತದೆ. ಆಹಾರ ತಯಾರಿಸುವ ಕೆಲಸ ಶುರುವಾಗುವುದು ಆ ಕೆಳಗಿನ ಮಟ್ಟದಿಂದ. ಹಾಗಾಗಿ ಕೆಂಪೋ ನೀಲಿಯೋ, ಹೀರಿಕೊಂಡ ಒಂದು ಫೋಟಾನ್‌ಗೆ ಒಂದು ಎಲೆಕ್ಟ್ರಾನ್, ಅಷ್ಟೇ.

ಈ ಎಣಿಕೆಯ ಮೇಲೆಯೇ ವಿಜ್ಞಾನದಲ್ಲಿ ಒಂದು ದೊಡ್ಡ ಜಗಳ ನಡೆದಿತ್ತು. ಜರ್ಮನಿಯ ಓಟೊ ವಾರ್‌ಬರ್ಗ್‌ಗೆ 1931ರಲ್ಲಿ ನೊಬೆಲ್ ಸಿಕ್ಕಿತ್ತು. ಆಹಾರ ತಯಾರಾಗುವಾಗ ಒಂದು ಆಮ್ಲಜನಕದ ಅಣು ಹೊರಬರಲು 4 ಫೋಟಾನ್ ಸಾಕು ಎಂಬುದು ಅವರ ವಾದ. ಅವರ ಬಳಿಯೇ ಕಲಿತಿದ್ದ ಅಮೆರಿಕದ ರಾಬರ್ಟ್ ಎಮರ್ಸನ್ ಪಾಚಿಯ ಮೇಲೆ ಪ್ರಯೋಗ ಮಾಡಿ, 4 ಅಲ್ಲ, 8ರಿಂದ 12 ಬೇಕು ಎಂದರು. 1948ರಲ್ಲಿ ವಾರ್‌ಬರ್ಗ್ ಎಮರ್ಸನ್ನರ ಪ್ರಯೋಗಾಲಯಕ್ಕೇ ಹೋದರೂ ಇಬ್ಬರ ಲೆಕ್ಕ ಕೂಡಲಿಲ್ಲ. ಎಮರ್ಸನ್ 1959ರಲ್ಲಿ ನ್ಯೂಯಾರ್ಕಿನ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಮರುವರ್ಷವೇ ರಾಬಿನ್ ಹಿಲ್ ಮತ್ತು ಫೇ ಬೆಂಡಾಲ್ ವಿವರಣೆ ಕೊಟ್ಟರು. ಎಲೆಯೊಳಗೆ ಬೆಳಕು ಹಿಡಿಯುವ ವ್ಯವಸ್ಥೆ ಎರಡಿದೆ, ಒಂದರ ಹಿಂದೆ ಒಂದು. ಆಮ್ಲಜನಕದ ಒಂದು ಅಣುವಿಗೆ 4 ಎಲೆಕ್ಟ್ರಾನ್ ಸಾಗಬೇಕು. ಪ್ರತಿಯೊಂದನ್ನೂ ಎರಡು ಸಲ ಮೇಲೆತ್ತಬೇಕು. ಕನಿಷ್ಠ 8 ಫೋಟಾನ್. ಶಿಷ್ಯನ ಲೆಕ್ಕವೇ ಸರಿ ಇತ್ತು. ಗುರುಗಳು ಕೊನೆಯವರೆಗೂ ಒಪ್ಪಲಿಲ್ಲ.

ಹಾಗಾದರೆ ನೇರಳೆ ಎಲ್ಲಿಂದ ಬಂತು? 1882ರಲ್ಲಿ ಎಂಗೆಲ್ಮನ್ ಎಂಬ ಜರ್ಮನ್ ವಿಜ್ಞಾನಿ ಪಾಚಿಯ ಎಳೆಯ ಮೇಲೆ ಕಾಮನಬಿಲ್ಲಿನ ಬಣ್ಣಗಳನ್ನು ಬೀಳಿಸಿದರು. ಆಮ್ಲಜನಕ ಹುಡುಕಿ ಹೋಗುವ ಬ್ಯಾಕ್ಟೀರಿಯಾಗಳು ಕೆಂಪು ಮತ್ತು ನೀಲಿ ಬಿದ್ದ ಕಡೆ ಗುಂಪು ಸೇರಿದವು. ಆಮೇಲೆ ಕ್ಲೋರೊಫಿಲ್ಲನ್ನು ಎಲೆಯಿಂದ ತೆಗೆದು ದ್ರಾವಣದಲ್ಲಿ ಕರಗಿಸಿ ಅಳೆದಾಗಲೂ ಅವೇ ಎರಡು ಶಿಖರ ಬಂದವು. ಪಠ್ಯಪುಸ್ತಕದ ಆ ಚಿತ್ರ ನೋಡಿ ಕೆಂಪು ಮತ್ತು ನೀಲಿ ಎಲ್‌ಇಡಿ ಮಾತ್ರ ಜೋಡಿಸಿದರೆ ಸಾಕು ಎಂದುಕೊಂಡರು. ಎರಡೂ ಸೇರಿದರೆ ನೇರಳೆ.

ಆದರೆ ಎಲೆ ಎಂದರೆ ಬಾಟಲಿಯಲ್ಲಿ ಕರಗಿಸಿದ ಕ್ಲೋರೊಫಿಲ್ ಅಲ್ಲ. ಅದಕ್ಕೆ ದಪ್ಪ ಇದೆ, ಒಳಗೆ ಪದರಗಳಿವೆ. ಹಸಿರು ಬೆಳಕು ಒಳಗೆ ಹೋಗಿ ಅಲ್ಲಿ ಇಲ್ಲಿ ಚದುರಿ, ಕೊನೆಗೆ ಅದರಲ್ಲಿ ಬಹುಪಾಲು ಎಲೆಗೇ ಸೇರುತ್ತದೆ. ಕೆಂಪು, ನೀಲಿ ಮೇಲ್ಪದರದಲ್ಲೇ ಮುಗಿಯುತ್ತವೆ, ಹಸಿರು ಆಳಕ್ಕೆ ಇಳಿಯುತ್ತದೆ. 1972ರಲ್ಲಿ ಕೀತ್ ಮೆಕ್ರೀ 22 ಬೆಳೆಗಳ ಎಲೆಗಳನ್ನು ಬಣ್ಣ ಬಣ್ಣದ ಬೆಳಕಿನಲ್ಲಿಟ್ಟು ಅಳೆದರು. ಹಸಿರಿನಲ್ಲೂ ಎಲೆ ಚೆನ್ನಾಗಿಯೇ ಕೆಲಸ ಮಾಡಿತು. ಐವತ್ತು ವರ್ಷ ದಾಟಿದ ಸಂಗತಿ ಇದು. ಜಾಹೀರಾತಿಗೆ ಮಾತ್ರ ಇನ್ನೂ ತಲುಪಿಲ್ಲ ಎಂಬುದೇ ಬೇಸರ.

ನೇರಳೆ ದೀಪ ಗಿಡವನ್ನು ಕೊಲ್ಲುವುದಿಲ್ಲ, ಬೆಳೆಸುತ್ತದೆ. ಕೆಂಪು ಫೋಟಾನ್ ಕಡಿಮೆ ಶಕ್ತಿಯಲ್ಲಿ ತಯಾರಾಗುವುದರಿಂದ ಒಳ್ಳೆಯ ಕಂಪನಿಯ ದೀಪವಾದರೆ ಕರೆಂಟಿನಲ್ಲಿ ಸ್ವಲ್ಪ ಉಳಿತಾಯವೂ ಇದೆ. ಆದರೆ ಆ ಬೆಳಕಿನಲ್ಲಿ ಎಲೆ ಕಪ್ಪಾಗಿ ಕಾಣುತ್ತದೆ. ಹಳದಿ ಕಲೆ ಬಂದದ್ದು, ಬಿಳಿನೊಣ ಕೂತದ್ದು ಗೊತ್ತೇ ಆಗುವುದಿಲ್ಲ. ಎಲ್ಲ ಬದಿಯಿಂದ ಶಿಲೀಂಧ್ರ ನುಗ್ಗುವ ನಮ್ಮ ಮಳೆಗಾಲದಲ್ಲಿ ಅದು ದೊಡ್ಡ ನಷ್ಟ.

ಈಗ ಪ್ರಮಾಣದ ವಿಷಯ. ಮಧ್ಯಾಹ್ನದ ಬಿಸಿಲಿನಲ್ಲಿ ಒಂದು ಚದರ ಮೀಟರ್ ಜಾಗಕ್ಕೆ ಸೆಕೆಂಡಿಗೆ ಸುಮಾರು 2,000 ಮೈಕ್ರೊಮೋಲ್ ಫೋಟಾನ್ ಬೀಳುತ್ತದೆ. ಒಂದು ಮೈಕ್ರೊಮೋಲ್ ಎಂದರೆ 6 ಲಕ್ಷ ಲಕ್ಷ ಕೋಟಿ ಫೋಟಾನ್. ರಾತ್ರಿ ಟ್ಯೂಬ್‌ಲೈಟ್ ಹಾಕಿದ ಹಾಲ್‌ನಲ್ಲಿ ಬೀಳುವುದು ಬರೀ 3. ಓದಲು ಕೂತ ನಮಗೆ ಎರಡೂ ಕಡೆ ಬೆಳಕು ಸಾಕಷ್ಟಿದೆ ಅನಿಸುತ್ತದೆ, ಯಾಕೆಂದರೆ ಕಣ್ಣು ತನ್ನನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಎಲೆಗೆ ಆ ಸೌಲಭ್ಯ ಇಲ್ಲ. ಮೂರರಲ್ಲಿ ಕೊತ್ತಂಬರಿ ಉಪವಾಸ ಬೀಳುತ್ತದೆ.

ಸೊಪ್ಪಿಗೆ 200 ಮೈಕ್ರೊಮೋಲ್, ದಿನಕ್ಕೆ 14 ಗಂಟೆ ಸಿಕ್ಕಿದರೆ ಒಳ್ಳೆಯದು. ಬಿಳಿ ಎಲ್‌ಇಡಿಯಾದರೆ ಮೊಬೈಲ್‌ನ ಲಕ್ಸ್ (ಒಂದು ಚದರ ಮೀಟರಿಗೆ ಬೀಳುವ ಲ್ಯೂಮೆನ್) ಆ್ಯಪ್‌ನಲ್ಲಿ ಬಂದ ಸಂಖ್ಯೆಯನ್ನು 70ರಿಂದ ಭಾಗಿಸಿ, ಅಂದಾಜು ಸಿಗುತ್ತದೆ. ಎಲೆಯ ಮಟ್ಟದಲ್ಲಿ 14,000 ಲಕ್ಸ್ ಇರಬೇಕು. ಎರಡಡಿ ಉದ್ದ, ಒಂದಡಿ ಅಗಲದ ಟ್ರೇಗೆ ಇಷ್ಟು ಬೀಳಿಸಲು ಸುಮಾರು 40 ವಾಟ್ ಬೇಕು. ಎರಡಡಿಯ, 10 ವಾಟ್‌ನ ಎಲ್‌ಇಡಿ ಬ್ಯಾಟನ್ ನಾಲ್ಕನ್ನು ಪಕ್ಕಪಕ್ಕ ಕಟ್ಟಿ. ನಾಲ್ಕಡಿಯದ್ದು ಹಾಕಿದರೆ ಅರ್ಧ ಬೆಳಕು ಟ್ರೇಯ ಹೊರಗೆ ಹೋಗುತ್ತದೆ. ಎಲೆಯಿಂದ ಒಂದು ಗೇಣು ಎತ್ತರ ಸಾಕು. ಒಂದೇ ಬಲ್ಬಾದರೆ ದೂರ ಎರಡು ಪಟ್ಟಾದಾಗ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ಮಾಡಿಗೆ ಹಾಕಿದ ದೀಪ ಗಿಡಕ್ಕೆ ಲೆಕ್ಕಕ್ಕಿಲ್ಲ. ಕರೆಂಟು ತಿಂಗಳಿಗೆ 17 ಯೂನಿಟ್ ಹತ್ತಿರ ಆಗುತ್ತದೆ. ಮಲ್ಲಿಗೆ, ಮಟ್ಟುಗುಳ್ಳ ಇದೆಲ್ಲ ಬಿಸಿಲಿನ ಬೆಳೆ, ಒಳಗೆ ಬೆಳೆಸಲು ಹೋಗಬೇಡಿ.

ರಾತ್ರಿ ಗಿಡ ಮಲಗುತ್ತದೆ, ಬೆಳಕು ಹಾಕಬಾರದು ಎನ್ನುವವರಿದ್ದಾರೆ. ಹದಿನಾಲ್ಕು ಗಂಟೆ ಬೆಳಗ್ಗೆಯಿಂದಲೋ ಮಧ್ಯಾಹ್ನದಿಂದಲೋ ಎಂಬುದು ಸೊಪ್ಪಿಗೆ ಮುಖ್ಯವಲ್ಲ. 24 ಗಂಟೆಯೂ ಉರಿಸಬೇಡಿ, ಅಷ್ಟೇ. ಟೊಮೆಟೊದಂಥ ಗಿಡದ ಎಲೆ ಅದರಿಂದ ಹಳದಿಯಾಗುತ್ತದೆ. ಸೇವಂತಿಗೆಗೆ ಮಾತ್ರ ಉದ್ದದ ಕತ್ತಲೆ ಬೇಕೇ ಬೇಕು, ಇಲ್ಲದಿದ್ದರೆ ಮೊಗ್ಗು ಬಿಡುವುದಿಲ್ಲ.

ಡಬ್ಬಿಯ ಮೇಲೆ 1,000 ವಾಟ್ ಎಂದು ಬರೆದ ದೀಪ ನಿಜವಾಗಿ 100 ವಾಟ್ ಎಳೆಯುವುದುಂಟು. ಪರೀಕ್ಷಿಸಲು ಮನೆಯ ಮೆಸ್ಕಾಂ ಮೀಟರೇ ಸಾಕು. ಒಂದು ಯೂನಿಟ್‌ಗೆ ಎಷ್ಟು ಪಲ್ಸ್ ಎಂದು ಅದರ ಮೇಲೆ ಬರೆದಿರುತ್ತದೆ. 3,200 ಎಂದಿದೆ ಎಂದುಕೊಳ್ಳಿ. ಬೇರೆಲ್ಲ ಆಫ್ ಮಾಡಿ ಆ ದೀಪ ಮಾತ್ರ ಉರಿಸಿ. ನಿಜವಾದ 1,000 ವಾಟ್ ಆದರೆ ಮೀಟರಿನ ಕೆಂಪು ದೀಪ ನಿಮಿಷಕ್ಕೆ 53 ಸಲ ಮಿನುಗಬೇಕು. ಐದೇ ಸಲ ಮಿನುಗಿದರೆ ಅದು 100 ವಾಟ್.

ಇನ್ನು ಕರೆಂಟಿನ ವಿಷಯದಲ್ಲಿ ದಯವಿಟ್ಟು ಹುಷಾರು. ನೀರು, ತೇವದ ಗಾಳಿ, ಸಮುದ್ರದ ಉಪ್ಪು ಮೂರೂ ಇರುವ ಊರು ನಮ್ಮದು. ಬಲ್ಬಿನ ಬಿಳಿ ಮುಚ್ಚಳ ತೆಗೆದರೆ ಬೆಳಕು ಜಾಸ್ತಿ ಬರುತ್ತದೆ ಎಂದು ಕೆಲವರು ಹೇಳಿಕೊಡುತ್ತಾರೆ. ಅದನ್ನು ಖಂಡಿತ ಮಾಡಬೇಡಿ. ಕಡಿಮೆ ಬೆಲೆಯ ಬಲ್ಬುಗಳಲ್ಲಿ ಒಳಗಿನ ಎಲ್‌ಇಡಿ ಪ್ಲೇಟು ನೇರವಾಗಿ 230 ವೋಲ್ಟ್ ಲೈನಿಗೇ ಸೇರಿರುತ್ತದೆ. ನೀರು ಚಿಮುಕಿಸಿದ ಒದ್ದೆ ಕೈ ತಾಗಿದರೆ ಪ್ರಾಣಕ್ಕೇ ಅಪಾಯ. ಲೋಡ್ ಜಾಸ್ತಿಯಾದರೆ ತಾನೇ ಬೀಳುವ ಎಂಸಿಬಿ ಸ್ವಿಚ್ ಇದೆಯಲ್ಲ ಎಂಬ ಧೈರ್ಯವೂ ಬೇಡ. 6 ಆಂಪಿಯರ್‌ನ ಎಂಸಿಬಿ ವಯರನ್ನು ಉಳಿಸುತ್ತದೆ, ಮನುಷ್ಯನನ್ನಲ್ಲ. ಮನುಷ್ಯನನ್ನು ಉಳಿಸುವುದು 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ. ಹೋದ ಕರೆಂಟು ಪೂರ್ತಿ ವಾಪಸ್ ಬಂತೇ ಎಂದು ನೋಡುತ್ತಾ ಇರುತ್ತದೆ, ಸೋರಿಕೆ ಕಂಡ ಕೂಡಲೇ ಕಡಿದುಹಾಕುತ್ತದೆ. ಅದರ ಟೆಸ್ಟ್ ಬಟನ್ ಆಗಾಗ ಒತ್ತಿ ನೋಡಿ.

ಎಕ್ಸ್‌ಟೆನ್ಶನ್ ಬೋರ್ಡ್ ನೆಲದ ಮೇಲೆ, ಕುಂಡದ ಕೆಳಗೆ ಇರಬಾರದು. ವಯರ್ ಪ್ಲಗ್ಗಿಗೆ ಹೋಗುವ ಮೊದಲು ಸ್ವಲ್ಪ ಕೆಳಗೆ ಇಳಿದು ಮೇಲೇರಲಿ. ಆಗ ವಯರಿನ ಮೇಲೆ ಹರಿದ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್ಗಿನೊಳಗೆ ಹೋಗುವುದಿಲ್ಲ. ಕಬ್ಬಿಣದ ಸ್ಟ್ಯಾಂಡಿಗೆ ಅರ್ತಿಂಗ್ ಕೊಡಿಸಿ. ಮುರಕಲ್ಲಿನ ನೆಲ ಮಾರ್ಚ್ ಹೊತ್ತಿಗೆ ಒಣಗುವುದರಿಂದ ಸ್ವಂತ ಮನೆಯವರು ಅರ್ತ್ ಗುಂಡಿಗೆ ನೀರು ಹಾಕಬೇಕಾಗುತ್ತದೆ. ಪ್ಲಗ್ಗಿನ ಹಿತ್ತಾಳೆ ಪಿನ್ ಹಸಿರುಗಟ್ಟಿದ್ದರೆ ಅಲ್ಲಿ ಬಿಸಿಯಾಗುತ್ತದೆ, ಬದಲಿಸಿ. ಕರೆಂಟು ಹೋಗಿ ಬಂದಾಗ ತಿರುಗುವ ಟೈಮರ್ ಹಿಂದೆ ಬೀಳುತ್ತದೆ, ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ಒಳ್ಳೆಯದು. ಏಪ್ರಿಲ್–ಮೇ ಮತ್ತು ಅಕ್ಟೋಬರ್‌ನಲ್ಲಿ ಗುಡುಗು ಶುರುವಾಗುವ ಮೊದಲೇ ಪ್ಲಗ್ ಕಿತ್ತಿಡಿ, ಸ್ವಿಚ್ ಆಫ್ ಮಾಡಿದರೆ ಸಾಲದು.

ಆಟಿಯ ಮುಂದಿನ ತಿಂಗಳು ಸೋಣ ಕಳೆದು ಬಿಸಿಲು ಮರಳಿದಾಗ ಟ್ರೇಯನ್ನು ಒಂದೇ ಸಲ ಟೆರೇಸಿಗೆ ಒಯ್ಯಬೇಡಿ. 200ಕ್ಕೆ ಒಗ್ಗಿದ ಎಲೆಗೆ 2,000 ಬಡಿದರೆ ಬಿಳಿ ಕಲೆಗಳು ಬೀಳುತ್ತವೆ. ಮೊದಲ ದಿನ ಬೆಳಗ್ಗಿನ ಒಂದು ಗಂಟೆ ಬಿಸಿಲು ಕೊಡಿ. ದಿನಾ ಸ್ವಲ್ಪ ಸ್ವಲ್ಪ ಹೆಚ್ಚಿಸಿ, ಎಂಟು–ಹತ್ತು ದಿನದಲ್ಲಿ ಪೂರ್ತಿ ಹೊರಗಿಡಬಹುದು. ಕಲೆ ಬಿದ್ದ ಹಳೆಯ ಎಲೆ ಸರಿಯಾಗುವುದಿಲ್ಲ, ಅದನ್ನು ಕಿತ್ತು ಸಾರಿಗೆ ಹಾಕಿ. ಹೊಸದಾಗಿ ಬರುವ ಎಲೆ ಆ ಬಿಸಿಲಿಗೆ ತಕ್ಕಂತೆ ದಪ್ಪವಾಗಿಯೇ ಬರುತ್ತದೆ.