ಸುದ್ದಿಮನೆಗಳ ಊರಲ್ಲಿ ವಾರ್ಡ್ ಸುದ್ದಿ ಎಲ್ಲಿ ಹೋಯಿತು?

ಕನ್ನಡದ ಬಹುಪಾಲು ದೊಡ್ಡ ದಿನಪತ್ರಿಕೆಗಳ ಪ್ರಧಾನ ಕಚೇರಿ, ಸುದ್ದಿವಾಹಿನಿಗಳ ಸ್ಟುಡಿಯೊ, ಆಕಾಶವಾಣಿ, ದೂರದರ್ಶನ, ಸಾಲುಸಾಲು ಎಫ್‌ಎಂ ಕೇಂದ್ರಗಳು ಎಲ್ಲವೂ ಬೆಂಗಳೂರಿನಲ್ಲೇ ಇವೆ. ಆದರೂ ನಾಳೆ ನಮ್ಮ ಕ್ರಾಸ್‌ಗೆ ಕಾವೇರಿ ನೀರು ಬರುತ್ತದೋ ಇಲ್ಲವೋ ತಿಳಿಯಬೇಕಾದರೆ ವಾಟ್ಸ್‌ಆ್ಯಪ್ ಗುಂಪು ನೋಡಬೇಕು, ಇಲ್ಲವೇ ವಾಲ್ವ್ ತಿರುಗಿಸಲು ಬರುವವರನ್ನೇ ಕೇಳಬೇಕು. ಇದು ರಾತ್ರೋರಾತ್ರಿ ಆದದ್ದಲ್ಲ.

ಹಳೆಯದನ್ನು ಚುಟುಕಾಗಿ ಹೇಳಿಬಿಡಬಹುದು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹುಟ್ಟಿದ್ದು 1843ರಲ್ಲಿ, ಕರಾವಳಿಯಲ್ಲಿ. ರೇಡಿಯೊ ಹುಟ್ಟಿದ್ದು ಮೈಸೂರಿನಲ್ಲಿ, 1935ರಲ್ಲಿ, ಎಂ.ವಿ. ಗೋಪಾಲಸ್ವಾಮಿ ಅವರ ಮನೆಯಲ್ಲಿ. ಆ ‘ಆಕಾಶವಾಣಿ’ ಬೆಂಗಳೂರಿಗೆ ಬಂದದ್ದು 1955ರಲ್ಲಿ. 1948ರಲ್ಲಿ ‘ಡೆಕ್ಕನ್ ಹೆರಾಲ್ಡ್’ ಮತ್ತು ‘ಪ್ರಜಾವಾಣಿ’, 1967ರಲ್ಲಿ ‘ಕನ್ನಡಪ್ರಭ’, ಎಂಬತ್ತರ ದಶಕದಲ್ಲಿ ದೂರದರ್ಶನ, 1999ರಲ್ಲಿ ‘ವಿಜಯ ಕರ್ನಾಟಕ’. ಏಕೀಕರಣದ ಬಳಿಕ ಬೆಂಗಳೂರು ಇಡೀ ನಾಡಿನ ಸುದ್ದಿ ಬರೆದು ಕಳಿಸುವ ಊರಾಯಿತು. ಬೀದರ್‌ಗೂ ಚಾಮರಾಜನಗರಕ್ಕೂ ಸಲ್ಲುವ ಸುದ್ದಿ ಮುಖಪುಟಕ್ಕೆ ಹೋಯಿತು, ಊರಿನ ಸುದ್ದಿ ಒಳಪುಟಕ್ಕೆ.

ಆ ಒಳಪುಟದಲ್ಲಿ ಸಂಜೆಯ ಹೊತ್ತಿಗೆ ಆಗುವುದನ್ನು ನೋಡಿದರೆ ಅರ್ಧ ವಿಷಯ ತಿಳಿಯುತ್ತದೆ. 66/11 ಕೆ.ವಿ. ಉಪಕೇಂದ್ರದಲ್ಲಿ ನಿರ್ವಹಣಾ ಕೆಲಸ, ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ಕರೆಂಟ್ ಇಲ್ಲ ಎಂಬ ಪ್ರಕಟಣೆ ಬರುತ್ತದೆ. ಕೆಳಗೆ ಮೂವತ್ತು ನಲವತ್ತು ಬಡಾವಣೆಗಳ ಹೆಸರು. ಕಡೇ ಗಳಿಗೆಯಲ್ಲಿ ಒಂದು ಜಾಹೀರಾತು ಬಂತೆಂದರೆ ಉಪಸಂಪಾದಕರು ಪಟ್ಟಿಯನ್ನು ಕೆಳಗಿನಿಂದ ಕತ್ತರಿಸಿ, ‘ಹಾಗೂ ಸುತ್ತಮುತ್ತಲಿನ ಪ್ರದೇಶಗಳು’ ಎಂದು ಮುಗಿಸುತ್ತಾರೆ. ಅವರ ತಪ್ಪೇನಿಲ್ಲ, ಜಾಗವೇ ಅಷ್ಟು. ಆದರೆ ಅಲ್ಲಿ ಕತ್ತರಿಸಿಹೋದ ಏಳನೇ ಕ್ರಾಸ್‌ನಲ್ಲಿ ಮರುದಿನ ಸಂಪಿನಿಂದ ಮೇಲಿನ ಟ್ಯಾಂಕ್‌ಗೆ ನೀರು ಹತ್ತಿಸಿಕೊಳ್ಳದೆ ಉಳಿದ ಮನೆಗಳಿರುತ್ತವೆ.

ಈ ಕೊರತೆಯನ್ನು ಸ್ವಲ್ಪ ಮಟ್ಟಿಗೆ ತುಂಬಿದ್ದು ಕೇಬಲ್. ಈಗ ಯಾರೂ ಅದನ್ನು ಸುದ್ದಿ ಮಾಧ್ಯಮದ ಲೆಕ್ಕಕ್ಕೆ ಹಿಡಿಯುವುದಿಲ್ಲ.

1991ರ ಕೊಲ್ಲಿ ಯುದ್ಧದ ನಂತರ ಬೆಂಗಳೂರಿನ ಬಡಾವಣೆಗಳಲ್ಲಿ ಡಿಶ್‌ಗಳು ಎದ್ದವು. ಒಂದು ಮನೆಯ ತಾರಸಿ, ಅದರ ಕೆಳಗೊಂದು ಕೋಣೆ: ಅದೇ ಹೆಡ್‌ಎಂಡ್, ಅಂದರೆ ಕೇಬಲ್ ಜಾಲ ಶುರುವಾಗುವ ಜಾಗ. ಪ್ರತಿ ಚಾನೆಲ್‌ಗೆ ಒಂದು ರಿಸೀವರ್, ಅದರ ಚಿತ್ರ ಮತ್ತು ಧ್ವನಿಯನ್ನು ಒಂದು ನಿಗದಿತ ಫ್ರೀಕ್ವೆನ್ಸಿಗೆ ಏರಿಸಲು ಒಂದು ಮಾಡ್ಯುಲೇಟರ್, ಎಲ್ಲವನ್ನೂ ಒಂದೇ ತಂತಿಗೆ ಸೇರಿಸಲು ಕಂಬೈನರ್. ಅಲ್ಲಿಂದ ಕಂಬ, ಮರ, ಪ್ಯಾರಾಪೆಟ್ ಹಿಡಿದು ದಪ್ಪ ಕೇಬಲ್, ಮನೆಗಳಿಗೆ ಸಣ್ಣದು. ಊರಿನ ಚಾನೆಲ್ ಬೇಕೆಂದರೆ ಖರ್ಚು ಇನ್ನೊಂದು ಮಾಡ್ಯುಲೇಟರ್‌ನದು, ಒಂದು ವಿಸಿಆರ್‌ನದು, ಅಕ್ಷರ ಓಡಿಸಲು ಒಂದು ಕಂಪ್ಯೂಟರಿನದು. ಅಷ್ಟರಿಂದಲೇ ಗಣೇಶೋತ್ಸವದ ಆರ್ಕೆಸ್ಟ್ರಾ, ಕರಗದ ಮೆರವಣಿಗೆ, ಶಾಲಾ ವಾರ್ಷಿಕೋತ್ಸವ ಮನೆಮನೆ ತಲುಪಿದವು. ಸಿನಿಮಾದ ಕೆಳಗೆ ‘ನಾಳೆ ಎರಡನೇ ಹಂತದಲ್ಲಿ ನೀರು ಬರುವುದಿಲ್ಲ’ ಎಂಬ ಸಾಲು ಓಡುತ್ತಿತ್ತು. ಬರೆದವರು ಅದೇ ಬೀದಿಯವರಾದ್ದರಿಂದ ತಪ್ಪಿದ್ದರೆ ಬೆಳಿಗ್ಗೆ ಹಾಲಿನ ಬೂತಿನಲ್ಲೇ ವಿಚಾರಣೆ.

ಕೆಡುತ್ತಿದ್ದುದೂ ಉಂಟು. ಕೇಬಲ್ ಉದ್ದವಾದಂತೆ ಸಿಗ್ನಲ್ ಇಳಿಯುತ್ತದೆ, ಅದಕ್ಕಾಗಿ ದಾರಿಯುದ್ದಕ್ಕೂ ಆಂಪ್ಲಿಫೈಯರ್ ಬೇಕು. ಒಂದೊಂದು ಆಂಪ್ಲಿಫೈಯರ್ ಕೂಡ ಚಿತ್ರಕ್ಕಷ್ಟು ಬಿಳಿ ಚುಕ್ಕಿಗಳನ್ನು ಸೇರಿಸುತ್ತದೆ. ಗೇನ್, ಅಂದರೆ ಸಿಗ್ನಲ್ ಹೆಚ್ಚಿಸುವ ಪ್ರಮಾಣ, ಜಾಸ್ತಿ ಇಟ್ಟರೆ ಒಂದು ಚಾನೆಲ್ಲಿನ ನೆರಳು ಇನ್ನೊಂದರ ಮೇಲೆ ಬೀಳುತ್ತದೆ. ಅವಕ್ಕೆ ಕರೆಂಟು ಸಾಮಾನ್ಯವಾಗಿ ಯಾವುದೋ ಚಂದಾದಾರರ ಮನೆಯದು. ಆ ಮನೆಯವರು ಊರಿಗೆ ಹೋಗುವಾಗ ಮೇನ್ ಸ್ವಿಚ್ ಆರಿಸಿದರೆ ಮುಂದಿನ ಎರಡು ಬೀದಿಗೆ ಟಿವಿ ಇಲ್ಲ. ಹಕ್ಕಿಲ್ಲದ ಸಿನಿಮಾ ಹಾಕಿದ ದೂರುಗಳು ಬಂದವು, ಸ್ಥಳೀಯ ಮುಖಂಡರ ಹುಟ್ಟುಹಬ್ಬವೇ ವಾರವಿಡೀ ಸುದ್ದಿಯಾದದ್ದೂ ಇದೆ. 1995ರ ಕೇಬಲ್ ಕಾಯ್ದೆ ಬಂದ ಮೇಲೆ ನೋಂದಣಿ, ಕಾರ್ಯಕ್ರಮ ಸಂಹಿತೆ, ಏನು ಪ್ರಸಾರ ಮಾಡಿದಿರಿ ಎಂಬ ರಿಜಿಸ್ಟರ್ ಕಡ್ಡಾಯವಾದವು.

ಊರಿನ ಚಾನೆಲ್ಲಿಗೆ ನಿಜವಾದ ಪೆಟ್ಟು ಬಿದ್ದದ್ದು ಕೇಬಲಿನೊಳಗಿನ ಜಾಗದ ಬೆಲೆಯಿಂದ. ಹಳೆಯ ಟಿವಿಗಳಲ್ಲಿ ಎಂಟೋ ಹನ್ನೆರಡೋ ಗುಂಡಿ. ಕಡಿಮೆ ಫ್ರೀಕ್ವೆನ್ಸಿ ಕೇಬಲಿನಲ್ಲಿ ಕಡಿಮೆ ಸವೆಯುವುದರಿಂದ ಕೆಳಗಿನ ಬ್ಯಾಂಡಿನ ಚಾನೆಲ್ ಕೊನೆಯ ಮನೆಗೂ ಸ್ವಚ್ಛವಾಗಿ ಕಾಣುತ್ತಿತ್ತು. ಮೇಲಿನವು ಹಳೆಯ ಸೆಟ್ಟಿಗೆ ಸಿಗುತ್ತಲೇ ಇರಲಿಲ್ಲ. ಕೇಬಲ್ ಕಾಯ್ದೆಗೆ 2000ದಲ್ಲಿ ಆದ ತಿದ್ದುಪಡಿಯಿಂದ ದೂರದರ್ಶನಕ್ಕೆ ಆ ‘ಪ್ರೈಮ್ ಬ್ಯಾಂಡ್’ನಲ್ಲಿ ಜಾಗ ಮೀಸಲಾಯಿತು. ಉಳಿದದ್ದಕ್ಕೆ ಉಪಗ್ರಹ ವಾಹಿನಿಗಳು ಕೇಬಲ್‌ನವರಿಗೆ ಹಣ ಕಟ್ಟತೊಡಗಿದವು. ಹಣ ಕಟ್ಟಲಾಗದ ಊರಿನ ಚಾನೆಲ್ ಮೇಲಕ್ಕೆ, ಮೂಲೆಗೆ ಸರಿಯಿತು.

ಆಮೇಲೆ ಡಿಜಿಟಲೀಕರಣ. ಬೆಂಗಳೂರಿಗೆ ಕೊಟ್ಟ ಗಡುವು 2013ರ ಮಾರ್ಚ್ 31. ಚಿತ್ರ ಚೆನ್ನಾಯಿತು, ಚಾನೆಲ್‌ಗಳು ಹೆಚ್ಚಾದವು, ಲೆಕ್ಕ ಪಾರದರ್ಶಕವಾಯಿತು. ಈ ಲಾಭಗಳನ್ನು ಅಲ್ಲಗಳೆಯಲಾಗದು. ಆದರೆ ಚಿತ್ರವನ್ನು ಡಿಜಿಟಲ್ ಮಾಡುವ ಎನ್‌ಕೋಡರ್, ಚಾನೆಲ್‌ಗಳನ್ನು ಒಟ್ಟುಗೂಡಿಸುವ ಮಲ್ಟಿಪ್ಲೆಕ್ಸರ್, ಹಣ ಕಟ್ಟದವರಿಗೆ ಕಾಣದಂತೆ ಮಾಡುವ ಗೂಢಲಿಪಿ ಎಲ್ಲವೂ ದೊಡ್ಡ ವಿತರಕರ ಕಂಟ್ರೋಲ್ ರೂಮಿಗೆ ಹೋದವು. ಬಡಾವಣೆಯ ಕೇಬಲ್‌ನವರಿಗೆ ಉಳಿದದ್ದು ತಂತಿ ರಿಪೇರಿ ಮತ್ತು ತಿಂಗಳ ವಸೂಲಿ. ಒಂದು ಬಡಾವಣೆಗಷ್ಟೇ ಸಾಲು ಓಡಿಸುವ ಗುಂಡಿ ಅವರ ಕೋಣೆಯಿಂದ ಮಾಯವಾಯಿತು.

ಇದೇ ಹೊತ್ತಿಗೆ ಸುದ್ದಿವಾಹಿನಿಗಳು ಬೆಳೆದಿದ್ದವು. 2006ರಲ್ಲಿ ಟಿವಿ9, 2012ರಲ್ಲಿ ಪಬ್ಲಿಕ್ ಟಿವಿ, ನಡುವೆ ಇನ್ನೂ ಹಲವು. ಅವು ಊರಿನ ಸುದ್ದಿ ಕೊಡುವುದಿಲ್ಲವೆಂದಲ್ಲ. ಮಳೆ ಬಂದರೆ ಅಂಡರ್‌ಪಾಸಿನ ಮುಂದೆ ಕ್ಯಾಮೆರಾ ಇರುತ್ತದೆ. ಆದರೆ ಟಿಆರ್‌ಪಿ ಲೆಕ್ಕ ನೋಡಿ. 2020–21ರ ಸುಮಾರಿಗೆ ದೇಶದ ಸುಮಾರು 21 ಕೋಟಿ ಟಿವಿ ಮನೆಗಳಿಗೆ, ಯಾವ ಚಾನೆಲ್ ನೋಡುತ್ತಾರೆಂದು ದಾಖಲಿಸುವ ಮೀಟರ್ 55,000ದಷ್ಟು ಇದ್ದವು, ಅಂದರೆ ಸರಾಸರಿ 3,800 ಮನೆಗೆ ಒಂದು. 2011ರ ಜನಗಣತಿಯ 84 ಲಕ್ಷ ಜನರನ್ನು ಆಗಿನ ಪಾಲಿಕೆಯ 198 ವಾರ್ಡ್‌ಗೆ ಹಂಚಿದರೆ ವಾರ್ಡಿಗೆ ಸುಮಾರು ಹತ್ತು ಸಾವಿರ ಮನೆ, ಅಂದರೆ ಎರಡೋ ಮೂರೋ ಮೀಟರ್. ಆ ವಾರ್ಡಿನ ಚರಂಡಿಯ ಬಗ್ಗೆ ಅರ್ಧ ಗಂಟೆ ಮಾತಾಡಿದರೆ ಉಳಿದ ಕರ್ನಾಟಕ ಚಾನೆಲ್ ಬದಲಿಸುತ್ತದೆ.

ರೇಡಿಯೊ ಕಥೆ ಇನ್ನೂ ಬೇಸರದ್ದು. ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ 2001ರ ಜುಲೈನಲ್ಲಿ ಶುರುವಾದದ್ದು ಬೆಂಗಳೂರಿನಲ್ಲೇ. ಬಸ್ಸು, ಆಟೊ, ಬೇಕರಿ ಎಲ್ಲೆಡೆ ಕೇಳುವ ಈ ಮಾಧ್ಯಮಕ್ಕೆ ಸ್ವಂತ ಸುದ್ದಿ ಓದಲು ಅನುಮತಿ ಇರಲಿಲ್ಲ. 2011ರ ಮೂರನೇ ಹಂತದ ನೀತಿ ಆಕಾಶವಾಣಿಯ ವಾರ್ತೆಯನ್ನು ಒಂದಕ್ಷರ ಬದಲಿಸದೆ ಮರುಪ್ರಸಾರ ಮಾಡಲು ಬಿಟ್ಟಿತು. ಟ್ರಾಫಿಕ್, ಹವಾಮಾನ, ಪರೀಕ್ಷಾ ಫಲಿತಾಂಶ, ನೀರು ಮತ್ತು ವಿದ್ಯುತ್ ಪ್ರಕಟಣೆಗಳನ್ನು ‘ಸುದ್ದಿಯಲ್ಲ’ ಎಂದು ವರ್ಗೀಕರಿಸಿತು. ಆದರೆ ನೀರು, ವಿದ್ಯುತ್ತಿನ ಮಾಹಿತಿ ಸ್ಥಳೀಯ ಆಡಳಿತವೇ ಕೊಟ್ಟದ್ದಾಗಿರಬೇಕು. ಹೀಗಾಗಿ ನಿರೂಪಕರು ‘ಇಂದು ಜಯನಗರದಲ್ಲಿ ನೀರಿಲ್ಲ’ ಎನ್ನಬಹುದು. ಯಾಕಿಲ್ಲ ಎಂದು ಎಂಜಿನಿಯರನ್ನು ಕೇಳಿ ವರದಿ ಮಾಡಿದರೆ ಅದು ಸುದ್ದಿ! 2006ರ ನೀತಿಯಿಂದ ಬಂದ ಸಮುದಾಯ ರೇಡಿಯೊಗೂ ಇಂಥದ್ದೇ ಕಟ್ಟುಪಾಡು, ಜೊತೆಗೆ 100 ವ್ಯಾಟ್‌ನ ಮಿತಿ. ಬೆಂಗಳೂರಿನಲ್ಲಿ 2007ರಿಂದ 90.4ರಲ್ಲಿ ಕೇಳಿಬಂದ ರೇಡಿಯೊ ಆ್ಯಕ್ಟಿವ್ ಕಸ ವಿಂಗಡಿಸುವವರು, ಮನೆಗೆಲಸದವರು, ಲಿಂಗತ್ವ ಅಲ್ಪಸಂಖ್ಯಾತರ ದನಿಗೆ ಜಾಗ ಕೊಟ್ಟಿತು. ಊರಿಗೆ ಅಂಥವು ಇಪ್ಪತ್ತಾದರೂ ಬೇಕಿತ್ತು.

ಇವೆಲ್ಲದರ ಜೊತೆಗೆ ಸುದ್ದಿಯ ಬುಗ್ಗೆಯೇ ಬತ್ತಿತು. ಪಾಲಿಕೆಯ ಕೌನ್ಸಿಲ್ ಸಭೆ ನಡೆದ ದಿನ ವರದಿಗಾರರ ಟಿಪ್ಪಣಿ ಪುಸ್ತಕದಲ್ಲಿ ಹತ್ತಾರು ವಾರ್ಡಿನ ಸುದ್ದಿ ಇರುತ್ತಿತ್ತು. ಸದಸ್ಯರು ಎದ್ದು ನಿಂತು ತಮ್ಮ ವಾರ್ಡಿನ ಬೀದಿದೀಪ, ಒಡೆದ ಮ್ಯಾನ್‌ಹೋಲ್ ಹೆಸರಿಸುತ್ತಿದ್ದರು, ಅಧಿಕಾರಿಗಳು ಉತ್ತರಿಸಲೇಬೇಕಿತ್ತು. 2020ರ ಸೆಪ್ಟೆಂಬರಿನಲ್ಲಿ ಆ ಕೌನ್ಸಿಲಿನ ಅವಧಿ ಮುಗಿಯಿತು. ಬಳಿಕ ವರ್ಷಗಟ್ಟಲೆ ಚುನಾವಣೆಯಿಲ್ಲ. ವರದಿಗಾರರಿಗೆ ಸಿಗುತ್ತಿದ್ದದ್ದು ಆಡಳಿತಾಧಿಕಾರಿ, ಆಯುಕ್ತರ ಕಚೇರಿಯ ಪತ್ರಿಕಾ ಪ್ರಕಟಣೆ.

2025ರ ಸೆಪ್ಟೆಂಬರಿನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರಪಾಲಿಕೆಗಳು ಬಂದವು: ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ. ಕೌನ್ಸಿಲ್‌ಗಳು ಕೂತಾಗ ಐದು ಸಭಾಂಗಣ, ಐದು ಅಜೆಂಡಾ. ಪಾಲಿಕೆ ಬೀಟಿಗೆ ಒಬ್ಬರನ್ನೋ ಇಬ್ಬರನ್ನೋ ಇಟ್ಟುಕೊಂಡ ಸುದ್ದಿಮನೆ ಎಲ್ಲಿಗೆ ಕಳಿಸಬೇಕು? ಎರಡು ಸಭೆ ಒಂದೇ ದಿನ ಬಿದ್ದರೆ ಒಂದರ ವರದಿ ಫೋನಿನಲ್ಲಿ ಕೇಳಿ ಬರೆದದ್ದಾಗುತ್ತದೆ. ಅಜೆಂಡಾವನ್ನು ಮೂರು ದಿನ ಮೊದಲೇ ಕನ್ನಡದಲ್ಲಿ ವಾರ್ಡ್‌ವಾರು ಪ್ರಕಟಿಸುವುದು, ಸಭೆಯನ್ನು ಪೂರ್ತಿ ನೇರಪ್ರಸಾರ ಮಾಡಿ ಧ್ವನಿಮುದ್ರಿಕೆ ಉಳಿಸುವುದು, ಆ ಧ್ವನಿಯನ್ನು ಎಫ್‌ಎಂ ಮತ್ತು ಸಮುದಾಯ ರೇಡಿಯೊ ಬಳಸಲು ಬಿಡುವುದು: ಈ ಮೂರಕ್ಕೆ ಬೇಕಾಗಿರುವುದು ನಾಲ್ಕು ಮೈಕು, ಎರಡು ಕ್ಯಾಮೆರಾ, ಒಂದು ಇಂಟರ್‌ನೆಟ್ ಸಂಪರ್ಕ ಮತ್ತು ಒಂದು ಆದೇಶ.