ಪಾದದಡಿಯ ತಿದಿ

ಹಾರ್ಮೋನಿಯಂ ನುಡಿಸುವವರ ಎಡಗೈಯನ್ನು ಗಮನಿಸಿ ನೋಡಿ. ಬಲಗೈ ಮನೆಗಳ ಮೇಲೆ ಓಡಾಡುತ್ತಿದ್ದರೆ ಎಡಗೈ ತಿದಿ ಒತ್ತುತ್ತಿರುತ್ತದೆ. ಹಾಡುವವರು ದನಿ ತಗ್ಗಿಸಿದರೆ ತಿದಿಯೂ ಮೆಲ್ಲಗಾಗುತ್ತದೆ, ತಾರಕ್ಕೆ ಏರಿದರೆ ಬಿಗಿಯಾಗುತ್ತದೆ. ನಾಟಕ ಕಂಪನಿಗಳ ಕಾಲು ಹಾರ್ಮೋನಿಯಂನಲ್ಲಿ ಈ ಕೆಲಸ ಪಾದಗಳ ಪಾಲಿಗೆ ಬಂತು, ಎರಡು ಕೈಗಳೂ ಸ್ವರಕ್ಕೆ ಸಿಕ್ಕವು. ಎಲೆಕ್ಟ್ರಾನಿಕ್ ಕೀಬೋರ್ಡಿಗೆ ತಿದಿಯೇ ಇಲ್ಲ. ಕೀಲಿಯನ್ನು ಎಷ್ಟು ರಭಸದಿಂದ ಒತ್ತಿದೆವೋ ಅಷ್ಟು ಜೋರಾಗಿ ಸ್ವರ ಹುಟ್ಟುತ್ತದೆ. ಹುಟ್ಟಿದ ಮೇಲೆ ಅದನ್ನು ಹಿಗ್ಗಿಸಲು, ಕುಗ್ಗಿಸಲು ಹೆಚ್ಚಿನ ಕೀಬೋರ್ಡುಗಳಲ್ಲಿ ಬೆರಳಿಗೆ ದಾರಿಯಿಲ್ಲ. ಪಿಯಾನೊ ದನಿಗೆ ಇದೇನೂ ಕೊರತೆಯಲ್ಲ, ಅದು ಹೇಗೂ ತಾನಾಗಿ ಆರುವ ನಾದ. ಆದರೆ ಪಿಟೀಲು ಮೇಳ, ಕೊಳಲುಗಳಂಥ ನಿಂತ ನಾದಗಳು ಉಸಿರಿಲ್ಲದೆ ಸತ್ತಂತೆ ಕೇಳುತ್ತವೆ. ಆ ಉಸಿರನ್ನು ಮರಳಿ ತರುವುದು ಕಾಲಿನ ಪೆಡಲ್.

ಮುಂಬೈ ಬಳಿಯ ಡೊಂಬಿವಲಿಯಲ್ಲಿ ನಮ್ಮ ಗುಂಪು ಗಣೇಶೋತ್ಸವದ ಭಾವಗೀತೆ ಕಾರ್ಯಕ್ರಮಕ್ಕೆ ತಾಲೀಮು ನಡೆಸುತ್ತಿತ್ತು. ಗೆಳೆಯನ ಮುಂದೆ ಮೂರು ವಾದ್ಯಗಳಿದ್ದವು: ಪಿಯಾನೊಗೆ ದೊಡ್ಡ ಕೀಬೋರ್ಡ್, ಪಿಟೀಲು ಮೇಳಕ್ಕೆ ಒಂದು ಹಳೆಯ ಸೌಂಡ್ ಮಾಡ್ಯೂಲ್ (ಕೀಲಿಗಳಿಲ್ಲದ, ನಾದವನ್ನಷ್ಟೇ ಹುಟ್ಟಿಸುವ ಪೆಟ್ಟಿಗೆ), ಕೊಳಲಿಗೆ ಲ್ಯಾಪ್‌ಟಾಪ್. ಪಲ್ಲವಿ ಮುಗಿದು ಚರಣ ಶುರುವಾಗುವಲ್ಲಿ ಮೂರನ್ನೂ ಒಟ್ಟಿಗೆ ತಗ್ಗಿಸಬೇಕೆಂದು ಅವನು ಪೆಡಲನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದ. ಹಿನ್ನೆಲೆಯಲ್ಲಿ ಮಂಜಿನಂತೆ ಹಬ್ಬಿದ್ದ ಪಿಟೀಲು ತಗ್ಗುವ ಬದಲು ಒಮ್ಮೆಲೇ ಎದ್ದು ಪಿಯಾನೊದ ಸಮಕ್ಕೆ ಬಂದು ನಿಂತಿತು. ಹಾಡುತ್ತಿದ್ದವರು ಬೆಚ್ಚಿ ನಿಲ್ಲಿಸಿದರು. ಪೆಡಲ್ ಕೆಟ್ಟಿರಲಿಲ್ಲ, ತಂತಿ ಸಡಿಲವಾಗಿರಲಿಲ್ಲ. 11 ಎಂದು ಇರಬೇಕಾದ ಜಾಗದಲ್ಲಿ 7 ಎಂದಿತ್ತು, ಅಷ್ಟೇ.

ವಾದ್ಯಗಳನ್ನು ಜೋಡಿಸುವ ಮಿಡಿ (MIDI) ತಂತಿಯಲ್ಲಿ ನಾದ ಹರಿಯುವುದೇ ಇಲ್ಲ. ಹರಿಯುವುದು ಬರೀ ಅಂಕಿಗಳು. 1983ರ ಜನವರಿಯಲ್ಲಿ, ಅಮೆರಿಕದ ವಾದ್ಯ ತಯಾರಕರ ಮೇಳದಲ್ಲಿ, ಬೇರೆ ಬೇರೆ ಕಂಪನಿಗಳ ಎರಡು ಕೀಬೋರ್ಡುಗಳನ್ನು ಈ ತಂತಿಯಿಂದ ಜೋಡಿಸಿ ತೋರಿಸಿದರು. ಒಂದು ಸೀಕ್ವೆನ್ಷಿಯಲ್ ಸರ್ಕ್ಯೂಟ್ಸ್‌ನ ಪ್ರಾಫೆಟ್-600, ಇನ್ನೊಂದು ರೋಲ್ಯಾಂಡ್‌ನ ಜುಪಿಟರ್-6. ಪೈಪೋಟಿಯ ಕಂಪನಿಗಳು ಒಂದೇ ಭಾಷೆಗೆ ಒಪ್ಪಿದ್ದು ಸಂಗೀತಕ್ಕೆ ಸಿಕ್ಕ ದೊಡ್ಡ ಭಾಗ್ಯವೆಂದೇ ನಾನು ತಿಳಿದಿದ್ದೇನೆ. ಅದಕ್ಕಾಗಿ ದುಡಿದ ಡೇವ್ ಸ್ಮಿತ್ ಮತ್ತು ಇಕುಟಾರೊ ಕಾಕೆಹಾಶಿ ಅವರಿಗೆ 2013ರಲ್ಲಿ ತಾಂತ್ರಿಕ ಗ್ರ್ಯಾಮಿ ಗೌರವ ಸಂದಿತು.

ಪೆಡಲ್ ಕದಲಿದಾಗ ಹೊರಡುವ ಪ್ರತಿ ಸಂದೇಶದಲ್ಲಿ ಮೂರು ಅಂಕಿಗಳಿರುತ್ತವೆ. ಉದಾಹರಣೆಗೆ 176, 11, 64. ಮೊದಲನೆಯದು ಯಾವ ಚಾನೆಲ್ಲಿಗೆ ಎಂಬ ವಿಳಾಸ: 176 ಎಂದರೆ ಒಂದನೆಯದು, 191 ಎಂದರೆ ಹದಿನಾರನೆಯದು. ಎರಡನೆಯದು ಯಾವ ಗುಣವನ್ನು ಬದಲಿಸಬೇಕು ಎಂಬುದು. ಮೂರನೆಯದು ಎಷ್ಟು ಎಂಬುದು, 0ಯಿಂದ 127ರೊಳಗೆ. ದಾದರ್ ನಿಲ್ದಾಣದ ಘೋಷಣೆ ಎಲ್ಲರ ಕಿವಿಗೂ ಬೀಳುತ್ತದೆ, ಆದರೆ ಆ ಗಾಡಿಗೆ ಹೋಗುವವರು ಮಾತ್ರ ಚೀಲ ಎತ್ತಿಕೊಳ್ಳುತ್ತಾರೆ. ವಾದ್ಯಗಳೂ ಹಾಗೆಯೇ. ತಮ್ಮ ಚಾನೆಲ್ಲಿನದಲ್ಲದ ಮಾತಿಗೆ ಅವು ಅಲುಗುವುದಿಲ್ಲ. ಪೆಡಲ್ ಸಾಮಾನ್ಯವಾಗಿ ಒಂದೇ ಚಾನೆಲ್ಲಿನಲ್ಲಿ ಮಾತನಾಡುತ್ತದೆ. ಆದ್ದರಿಂದ ಮೂರು ವಾದ್ಯಗಳು ಅದಕ್ಕೆ ಓಗೊಡಬೇಕಾದರೆ ಅದೇ ಸಂದೇಶವನ್ನು ಮೂರು ವಿಳಾಸಗಳಿಗೆ ನಕಲು ಮಾಡಬೇಕು. ಕೆಲವು ಕೀಬೋರ್ಡುಗಳೇ ಇದನ್ನು ಮಾಡುತ್ತವೆ. ಇಲ್ಲವಾದರೆ ಲ್ಯಾಪ್‌ಟಾಪ್ ಮಾಡುತ್ತದೆ. ಮೂರನ್ನೂ ಒಂದೇ ಚಾನೆಲ್ಲಿಗೆ ಹಾಕಿಬಿಟ್ಟರೆ ಪೆಡಲಿನ ಜೊತೆಗೆ ಸ್ವರಗಳೂ ಮೂರರಲ್ಲಿ ಮೊಳಗುತ್ತವೆ.

ಇನ್ನು ಆ 7 ಮತ್ತು 11. ಎರಡೂ ದನಿಯ ಪ್ರಮಾಣಕ್ಕೆ ಸಂಬಂಧಿಸಿದವೇ. 7 ವಾಲ್ಯೂಮ್, 11 ಎಕ್ಸ್‌ಪ್ರೆಷನ್. ಏಳನ್ನು ಕಾರ್ಯಕ್ರಮಕ್ಕೆ ಮೊದಲೇ ಹದ ಮಾಡಿಟ್ಟುಕೊಳ್ಳಬೇಕು. ನಮ್ಮಲ್ಲಿ ಪಿಯಾನೊ 100, ಕೊಳಲು 80, ಪಿಟೀಲು 60 ಎಂದು ಅರ್ಧ ದಿನ ಕೂತು ಹೊಂದಿಸಿದ್ದೆವು. ಪೆಡಲ್ ಏಳನ್ನೇ ಕಳಿಸತೊಡಗಿದರೆ ಈ ಹದವೆಲ್ಲ ಅಳಿಸಿಹೋಗುತ್ತದೆ. ಪೆಡಲ್ 95 ಎಂದರೆ ಮೂರೂ 95ಕ್ಕೆ ಹೋಗಿ ಕೂರುತ್ತವೆ, ಪಿಟೀಲು ಜಿಗಿಯುತ್ತದೆ. ಹನ್ನೊಂದು ಹಾಗಲ್ಲ, ಅದು ಏಳರ ಮೇಲೆ ಗುಣಾಕಾರವಾಗಿ ಬೀಳುತ್ತದೆ. ತಯಾರಕರ ಒಕ್ಕೂಟ ಶಿಫಾರಸು ಮಾಡಿದ ಸೂತ್ರದಂತೆ ಲೆಕ್ಕ ಹಾಕಿದರೆ 100ರಲ್ಲಿರುವ ಪಿಯಾನೊ ತನ್ನ ಗರಿಷ್ಠಕ್ಕಿಂತ ಸುಮಾರು 4 ಡೆಸಿಬೆಲ್ ಕೆಳಗೆ, 60ರಲ್ಲಿರುವ ಪಿಟೀಲು 13 ಡೆಸಿಬೆಲ್ ಕೆಳಗೆ ಇರುತ್ತವೆ. ಪೆಡಲನ್ನು ನಡುವೆ, 64ಕ್ಕೆ ತಂದರೆ ಎರಡರಿಂದಲೂ ಸಮನಾಗಿ ಸುಮಾರು 12 ಡೆಸಿಬೆಲ್ ಕಳೆಯುತ್ತದೆ. ನಡುವಿನ 9 ಡೆಸಿಬೆಲ್ ಅಂತರ ಹಾಗೆಯೇ ಉಳಿಯುತ್ತದೆ. ಮೇಳ ಸಣ್ಣದಾಗುತ್ತದೆ, ಅದರ ಮುಖ ಬದಲಾಗುವುದಿಲ್ಲ.

ಸುಮಾರು 10 ಡೆಸಿಬೆಲ್ ಇಳಿದರೆ ನಮ್ಮ ಕಿವಿಗೆ ದನಿ ಅರ್ಧವಾದಂತೆ ಅನ್ನಿಸುತ್ತದೆ. ಹಾಗಾಗಿ ಪೆಡಲಿನ ಅರ್ಧ ಹಾದಿ ಕಿವಿಯ ಅರ್ಧಕ್ಕೂ ಹೆಚ್ಚುಕಡಿಮೆ ಹೊಂದುತ್ತದೆ. ತೊಂದರೆ ಇರುವುದು ತಳದಲ್ಲಿ. 127ರಿಂದ 126ಕ್ಕೆ ಇಳಿದರೆ ಒಂದು ಡೆಸಿಬೆಲ್ಲಿನ ಏಳನೇ ಒಂದು ಪಾಲು ಮಾತ್ರ ಕಡಿಮೆಯಾಗುತ್ತದೆ, ಯಾರಿಗೂ ಗೊತ್ತಾಗದು. 2ರಿಂದ 1ಕ್ಕೆ ಇಳಿದರೆ ಒಮ್ಮೆಗೇ 12 ಡೆಸಿಬೆಲ್. ನಾದ ಜಾರುವುದಿಲ್ಲ, ಮೆಟ್ಟಿಲಿಳಿಯುತ್ತದೆ. ಪೆಡಲಿನ ಕೊನೆಯನ್ನು 0ಗೆ ಬಿಡದೆ 30ರ ಆಸುಪಾಸಿನಲ್ಲಿ ನಿಲ್ಲಿಸುವುದು ನನಗೆ ಸರಿಕಂಡಿದೆ. ಹಾಡಿಗೆ ಹಿನ್ನೆಲೆ ಬೇಕು, ಮೌನವಲ್ಲ. 2020ರ ಮಿಡಿ 2.0 ಇಂಥ ಸಂದೇಶಗಳಿಗೆ 32 ಬಿಟ್ ಕೊಟ್ಟು ಈ ಮೆಟ್ಟಿಲುಗಳನ್ನು ಅಳಿಸಿದೆ, ಆದರೆ ನಮ್ಮ ಮಾಡ್ಯೂಲಿನಂಥ ಹಳೆಯ ವಾದ್ಯಗಳಿಗೆ ಆ ಭಾಷೆ ತಿಳಿಯದು.

ಹಳೆಯ ಐದು ಪಿನ್ನಿನ ತಂತಿಗೆ ಇನ್ನೊಂದು ಮಿತಿಯಿದೆ. ಅದರ ವೇಗ ಸೆಕೆಂಡಿಗೆ 31,250 ಬಿಟ್. ಮೂರು ಅಂಕಿಗಳ ಒಂದು ಸಂದೇಶಕ್ಕೆ 30 ಬಿಟ್, ಅಂದರೆ ಹೆಚ್ಚುಕಡಿಮೆ ಒಂದು ಮಿಲಿಸೆಕೆಂಡ್. ಒಂದು ಸೆಕೆಂಡಿನಲ್ಲಿ ಪೆಡಲನ್ನು ಪೂರ್ತಿ ಎಳೆದರೆ ಮೂರು ಚಾನೆಲ್ಲುಗಳಿಗೆ 384 ಸಂದೇಶ, ತಂತಿಯ ಮೂರನೇ ಒಂದಕ್ಕಿಂತ ಹೆಚ್ಚು ಜಾಗ. ಹದಿನಾರಕ್ಕೂ ನಕಲು ಮಾಡಿದರೆ ಎರಡು ಸಾವಿರ ದಾಟಿ ಸ್ವರಗಳೇ ಸರದಿಯಲ್ಲಿ ಕಾಯಬೇಕಾಗುತ್ತದೆ. ಅಗತ್ಯವಿರುವ ವಾದ್ಯಗಳಿಗೆ ಮಾತ್ರ ಕಳಿಸಿ.

ಪೆಡಲಿನ ಒಳಗೇನಿದೆ ಎಂದು ಬಿಚ್ಚಿ ನೋಡಿದ್ದೇನೆ. ಒಂದು ಹಲ್ಲಿನ ಪಟ್ಟಿ, ಅದು ತಿರುಗಿಸುವ ಸಣ್ಣ ಚಕ್ರ, ಚಕ್ರದ ಕೆಳಗೆ ಹಳೆಯ ರೇಡಿಯೊದ ದನಿಯ ಗುಂಡಿಯಲ್ಲಿ ಇರುವಂಥದೇ ಪೊಟೆನ್ಷಿಯೋಮೀಟರ್. ಇಂಗಾಲದ ಕಪ್ಪು ಹಾದಿಯ ಮೇಲೆ ಒಂದು ಲೋಹದ ನಾಲಿಗೆ ಸರಿಯುತ್ತದೆ. ಮುಂಬೈ ಮಳೆಗಾಲದ ತೇವ, ಧೂಳು ಆ ಹಾದಿಯ ಮೇಲೆ ಕೂತರೆ ಕಾಲು ಅಲುಗಿಸದಿದ್ದರೂ ಅಂಕಿ 71, 73, 70 ಎಂದು ನಡುಗುತ್ತದೆ. ಲ್ಯಾಮಿಂಗ್ಟನ್ ರೋಡಿನಲ್ಲಿ 10 ಕಿಲೋ ಓಮ್‌ನ ಹೊಸದೊಂದನ್ನು ಕೊಂಡು ಬೆಸುಗೆ ಹಾಕಿದ ಮೇಲೆ ನಮ್ಮದು ಶಾಂತವಾಯಿತು. ಪೆಡಲ್ ಕೊಳ್ಳುವವರು ಒಂದು ವಿಷಯ ವಿಚಾರಿಸಿಕೊಳ್ಳಬೇಕು. ಜಾಕಿನ ತುದಿ ಮತ್ತು ಉಂಗುರದ ಸಂಪರ್ಕಗಳು ತಯಾರಕರಿಂದ ತಯಾರಕರಿಗೆ ಅದಲುಬದಲಾಗಿರುತ್ತವೆ. ತಪ್ಪಾದದ್ದನ್ನು ಸಿಕ್ಕಿಸಿದರೆ ಪೆಡಲ್ ಸರಿಯಾಗಿ ಕೆಲಸ ಮಾಡುವುದಿಲ್ಲ.

ಮೂರರ ನಾದವನ್ನೂ ಮಿಕ್ಸರಿನಲ್ಲಿ ಬೆರೆಸಿ, ಅದರಾಚೆ ಒಂದು ಸಾಮಾನ್ಯ ವಾಲ್ಯೂಮ್ ಪೆಡಲ್ ಇಟ್ಟರೆ ಸಾಲದೇ ಎಂದು ಗುಂಪಿನ ಹಿರಿಯರೊಬ್ಬರು ಕೇಳಿದರು. ಎಲ್ಲವನ್ನೂ ಒಟ್ಟಿಗೆ ಏರಿಸಿ ಇಳಿಸುವುದಷ್ಟೇ ಬೇಕಿದ್ದರೆ ಅದೇ ಸರಳ. ಆದರೆ ನಮಗೆ ಬೇಕಿದ್ದುದು ಬೇರೆ. ಕೊನೆಯ ಚರಣದಲ್ಲಿ ಪಿಯಾನೊ ಇದ್ದಲ್ಲೇ ಇರಬೇಕು, ಪಾದ ಮುಂದೆ ಬಾಗಿದಂತೆ ಪಿಟೀಲು ಮೇಲೇಳಬೇಕು, ಕೊಳಲು ಅದೇ ಚಲನೆಗೆ ಹಿಂದೆ ಸರಿಯಬೇಕು. ಪಿಯಾನೊಗೆ ಹನ್ನೊಂದನ್ನು ತಲುಪಿಸದೆ, ಕೊಳಲಿಗೆ ಅದೇ ಅಂಕಿಯನ್ನು ತಿರುವುಮುರುವು ಮಾಡಿ ಕಳಿಸಿದರೆ ಇದು ಸಾಧ್ಯ. ಬೆರೆತ ಮೇಲೆ ನಾದವನ್ನು ಹೀಗೆ ಬಿಡಿಸಲಾಗದು.

ವಾದ್ಯಕ್ಕೆ ಪೆಡಲ್ ಎಲ್ಲಿದೆ ಎಂಬುದು ಅದು ಕದಲುವವರೆಗೆ ತಿಳಿಯುವುದಿಲ್ಲ. ಚಾಲೂ ಮಾಡಿದಾಗ ಎಕ್ಸ್‌ಪ್ರೆಷನ್ 127 ಎಂದೇ ಅದರ ಎಣಿಕೆ. ಪೆಡಲ್ ತಳದಲ್ಲಿದ್ದರೆ ಮೊದಲ ಸ್ಪರ್ಶಕ್ಕೇ ನಾದ ಕುಸಿಯುತ್ತದೆ. ಆದ್ದರಿಂದ ಪರದೆ ಏಳುವ ಮುನ್ನ, ಹಾರ್ಮೋನಿಯಂನವರು ಮೊದಲ ಸ್ವರಕ್ಕೂ ಮುಂಚೆ ತಿದಿ ತುಂಬಿಕೊಳ್ಳುವಂತೆ, ಗೆಳೆಯ ಪಾದವನ್ನು ಒಮ್ಮೆ ಪೂರ್ತಿ ಮುಂದೆ ಒತ್ತಿ ಹಿಂದಕ್ಕೆ ತರುತ್ತಾನೆ. ಆಮೇಲೆ ಶ್ರುತಿ ಕೊಡುತ್ತಾನೆ.