ಭೇದಿ ಔಷಧಿ ಪೂರ್ತಿ ರಾತ್ರಿಯೇ ಕುಡಿದು ಮುಗಿಸಬಹುದಾ?

ಪ್ರಶ್ನೆ: ನಮ್ಮದು ಸಕಲೇಶಪುರದ ಹತ್ತಿರದ ಹಳ್ಳಿ. ಅಪ್ಪಾಜಿಗೆ ಹಾಸನದಲ್ಲಿ ಬೆಳಿಗ್ಗೆ ಕೊಲೊನೋಸ್ಕೋಪಿ (ದೊಡ್ಡ ಕರುಳನ್ನು ಕ್ಯಾಮೆರಾ ಹಾಕಿ ನೋಡುವ ಪರೀಕ್ಷೆ) ಇದೆ. ಔಷಧಿಯನ್ನು ಅರ್ಧ ಹಿಂದಿನ ಸಂಜೆ, ಇನ್ನರ್ಧ ಬೆಳಗಿನ ಜಾವ ಕುಡಿಯಲು ಹೇಳಿದ್ದಾರೆ. ಆ ಹೊತ್ತಿಗೆ ನಾವು ಬಸ್ಸು ಹತ್ತಬೇಕು. ರಾತ್ರಿಯೇ ಪೂರ್ತಿ ಕುಡಿಸಿದರೆ ಆಗಲ್ವಾ? ಅವರಿಗೆ ಶುಗರ್, ಬಿಪಿ ಎರಡೂ ಇದೆ.

ಉತ್ತರ: ಡಾಕ್ಟರನ್ನು ಕೇಳದೆ ಹಾಗೆ ಮಾಡಬೇಡಿ. ರಾತ್ರಿ ಎಷ್ಟೇ ಭೇದಿಯಾದರೂ ಸಣ್ಣ ಕರುಳಿನಿಂದ ಪಿತ್ತ ಬೆರೆತ ರಸ ಇಳಿಯುತ್ತಲೇ ಇರುತ್ತದೆ. ಬೆಳಗಾಗುವಷ್ಟರಲ್ಲಿ ಅದು ದೊಡ್ಡ ಕರುಳಿನ ಬಲಭಾಗಕ್ಕೆ ಮೆತ್ತಿಕೊಳ್ಳುತ್ತದೆ. ಅದರಡಿ ಚಪ್ಪಟೆಯಾದ ಸಣ್ಣ ಗಂಟು ಇದ್ದರೆ ಕ್ಯಾಮೆರಾಕ್ಕೆ ಕಾಣದೆ ಹೋಗಬಹುದು. ಮುಂದೆ ಕ್ಯಾನ್ಸರ್ ಆಗಬಹುದಾದ ಗಂಟನ್ನು ಹುಡುಕಲಿಕ್ಕೇ ತಾನೇ ಈ ಪರೀಕ್ಷೆ? ಎರಡನೇ ಕಂತು ಇರುವುದು ಆ ಲೋಳೆ ತೊಳೆಯಲಿಕ್ಕೆ. ಸಾಮಾನ್ಯವಾಗಿ ಪರೀಕ್ಷೆಗೆ 4ರಿಂದ 6 ಗಂಟೆ ಮೊದಲು ಕುಡಿಯಲು ಶುರುಮಾಡಿ, ಕಡೇಪಕ್ಷ 2 ಗಂಟೆ ಮೊದಲು ಮುಗಿಸಬೇಕು. ಆಮೇಲೆ ಒಂದು ಗುಟುಕು ನೀರೂ ಬೇಡ. ಮಂಪರು ಇಂಜೆಕ್ಷನ್ ಕೊಟ್ಟಾಗ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ನುಗ್ಗುವ ಅಪಾಯವಿದೆ.

ಹಾಗಂತ ಔಷಧಿ ಕುಡಿಸಿ ವಯಸ್ಸಾದವರನ್ನು ಬಸ್ಸಲ್ಲಿ ಕೂರಿಸುವುದೂ ಸರಿಯಲ್ಲ. ಸಕಲೇಶಪುರದಿಂದ ಹಾಸನಕ್ಕೆ ಸುಮಾರು 40 ಕಿಲೋಮೀಟರ್. ನಡುವೆ ಅವಸರವಾದರೆ ಪಾಪ, ಎಲ್ಲಿ ಇಳಿಯುತ್ತಾರೆ? ಹಿಂದಿನ ದಿನವೇ ಹಾಸನಕ್ಕೆ ಬಂದು ನೆಂಟರ ಮನೆಯಲ್ಲೋ ಲಾಡ್ಜಲ್ಲೋ ಉಳಿಯಿರಿ. ಅದಾಗದಿದ್ದರೆ ಮಧ್ಯಾಹ್ನದ ಸಮಯ ಕೇಳಿ ನೋಡಿ.

ಶುಗರ್ ಮಾತ್ರೆ, ಇನ್ಸುಲಿನ್ ವಿಷಯ ಈಗಲೇ ಫೋನ್ ಮಾಡಿ ಕೇಳಿ. ಊಟವಿಲ್ಲದೆ ಎಂದಿನಷ್ಟೇ ತೆಗೆದುಕೊಂಡರೆ ಶುಗರ್ ತೀರಾ ಇಳಿಯಬಹುದು, ಪೂರ್ತಿ ಬಿಟ್ಟರೆ ಏರಬಹುದು. ಡಾಪಾಗ್ಲಿಫ್ಲೋಜಿನ್ ಥರದ ಶುಗರ್ ಮಾತ್ರೆಯನ್ನು ಕೆಲವು ದಿನ ಮೊದಲೇ ನಿಲ್ಲಿಸಲು ಹೇಳುವುದುಂಟು. ಮೂತ್ರ ಜಾಸ್ತಿ ಮಾಡಿಸುವ ಬಿಪಿ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಅದನ್ನೂ ಹೇಳಿ. ಸುಮ್ನೆ ನೀವೇ ನಿಲ್ಲಿಸಬೇಡಿ.

ಬರೆದುಕೊಟ್ಟ ಭೇದಿ ಪೌಡರ್ ಬದಲು ಮೆಡಿಕಲ್ ಶಾಪಲ್ಲಿ ಬೇರೆಯದು ಕೊಟ್ಟರೆ ತರಬೇಡಿ. ಪಾಲಿಎಥಿಲೀನ್ ಗ್ಲೈಕಾಲ್ ಪೌಡರ್ ಹೆಚ್ಚಿನವರಿಗೆ ಒಗ್ಗುತ್ತದೆ. ಸೋಡಿಯಂ ಫಾಸ್ಫೇಟ್ ದ್ರಾವಣ ಹಾಗಲ್ಲ. ವಯಸ್ಸಾದವರಿಗೆ, ಕಿಡ್ನಿ ಅಥವಾ ಹೃದಯದ ತೊಂದರೆ ಇದ್ದವರಿಗೆ ಅದರಿಂದ ಕಿಡ್ನಿಗೇ ಪೆಟ್ಟು ಬೀಳಬಹುದು. ಹರಳೆಣ್ಣೆ ಇದಕ್ಕೆ ಬದಲಿ ಅಲ್ಲ.

ಎರಡು ಮೂರು ದಿನ ಮೊದಲಿಂದ ರಾಗಿ ಮುದ್ದೆ, ಸೊಪ್ಪು, ಕಾಳು, ಸೀಬೆಹಣ್ಣು ಬಿಡಿಸಿ. ಬಿಳಿ ಅನ್ನ, ಇಡ್ಲಿ, ಮೊಸರು ಸಾಕು. ಹಿಂದಿನ ದಿನ ಆಸ್ಪತ್ರೆಯವರು ಹೇಳಿದ ಹೊತ್ತಿನಿಂದ ಸೋಸಿದ ಗಂಜಿ ತಿಳಿ, ನಿಂಬೆ ಶರಬತ್ತು, ಹಾಲು ಹಾಕದ ಕಾಫಿ ಕೊಡಬಹುದು. ಕೆಂಪು ಪಾನೀಯ ಬೇಡ, ಒಳಗೆ ರಕ್ತದ ಹಾಗೆ ಕಾಣುತ್ತದೆ. ಎಳನೀರು ಒಳ್ಳೆಯದೇ, ಆದರೆ ಕಿಡ್ನಿ ತೊಂದರೆ ಇದ್ದರೆ ಕೇಳಿಯೇ ಕೊಡಿ. ಬರೀ ನೀರನ್ನೇ ಚೊಂಬುಗಟ್ಟಲೆ ಕುಡಿಸಿದರೆ ರಕ್ತದಲ್ಲಿ ಉಪ್ಪಿನಂಶ ಇಳಿದು ಗೊಂದಲ, ಫಿಟ್ಸ್ ಕೂಡ ಬರಬಹುದು.

ಕೊನೆಗೆ ತಿಳಿ ಹಳದಿ ನೀರು ಹೋದರೆ ಕರುಳು ಸ್ವಚ್ಛವಾಗಿದೆ ಎಂದರ್ಥ. ರಾತ್ರಿ ಅಪ್ಪಾಜಿಯ ಜೊತೆ ಯಾರಾದರೂ ಇರಿ, ಟಾಯ್ಲೆಟ್ ದಾರಿಯ ದೀಪ ಹಾಕಿಡಿ. ಪದೇಪದೇ ವಾಂತಿ, ತಡೆಯಲಾಗದ ಹೊಟ್ಟೆನೋವು, ತಲೆಸುತ್ತಿ ಬೀಳುವುದು, ಭೇದಿಯೇ ಆಗದೆ ಹೊಟ್ಟೆ ಉಬ್ಬುವುದು ಕಂಡರೆ ಔಷಧಿ ನಿಲ್ಲಿಸಿ, ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.